ಮೊದಲ ಗುಟುಕು ಮೇಘನಾಳದು

ಮೇಘನಾ ಏನು ಕೆಲಸ ಮಾಡುತ್ತಾಳೆಂಬುದು ಕೊಳ್ಳೇಗಾಲದ ನೇಕಾರರ ಬೀದಿಗೆಲ್ಲ ಗೊತ್ತಿತ್ತು. ಅವಳ ಮನೆಯಲ್ಲಿ ಮಾತ್ರ ಆ ಕೆಲಸದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೆಂಟರು ಕೇಳಿದರೆ ಅವಳ ತಾಯಿ ಭಾಗ್ಯಮ್ಮ, "ಸತ್ತೇಗಾಲದ ತಾವು ರೆಸಾರ್ಟ್ ಅದಲ್ಲ, ಅಲ್ಲಿ ಲ್ಯಾಬ್ ನೋಡ್ಕತಾಳೆ" ಎಂದು ಮಾತು ಬದಲಾಯಿಸುತ್ತಿದ್ದಳು. ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೊಳೆದಂಡೆ ರೆಸಾರ್ಟಿನಲ್ಲಿ ಮೇಘನಾಳಿಗೆ ಒಂದು ಪುಟ್ಟ ಲ್ಯಾಬ್ ಇತ್ತು, ಮೈಕ್ರೋಸ್ಕೋಪಿತ್ತು, ಬಿಳಿ ಕೋಟಿತ್ತು. ಆದರೆ ಲ್ಯಾಬಿನ ಗಾಜಿನ ಗೋಡೆಯಾಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಬಿಯರ್ ಹುಳಿಯುತ್ತಿತ್ತು. ಅದನ್ನು ಮಾಡುತ್ತಿದ್ದವಳೇ ಅವಳು.

ಅಪ್ಪ ತೀರಿಕೊಂಡಾಗ ಮೇಘನಾ ಇನ್ನೂ ಪಿಯುಸಿಯಲ್ಲಿದ್ದಳು. ಅಣ್ಣ ಹೇಮಂತ್ ಅಪ್ಪನ ಮಗ್ಗದ ಗುಂಡಿಗೆ ಇಳಿದ, ಅವಳು ಮೈಸೂರಿಗೆ ಹೋಗಿ ಮೈಕ್ರೋಬಯಾಲಜಿ ಓದಿದಳು. ಓದು ಮುಗಿದ ಮೇಲೆ ಬೆಂಗಳೂರಿನ ಒಂದು ಪಬ್ಬಿನಲ್ಲಿ ಯೀಸ್ಟ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹೊಟ್ಟೆಪಾಡಿಗೆಂದು ಸೇರಿದವಳಿಗೆ ಅದೇ ಹುಚ್ಚಾಯಿತು. ಒಂದೇ ಬಾರ್ಲಿ, ಒಂದೇ ನೀರು. ಕಾಳನ್ನು ಕೊಂಚ ಹೆಚ್ಚು ಹುರಿದರೆ ಕಾಫಿಯ ಕಂಪು, ಯೀಸ್ಟ್ ಬದಲಿಸಿದರೆ ಬಾಳೆಹಣ್ಣಿನ ವಾಸನೆ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಕುದಿಯ ಕೊನೆಗೆ ಹಾಕಿದರೆ ಕಿತ್ತಳೆ ಸಿಪ್ಪೆ ಹಿಚುಕಿದ ಹಾಗೆ. ಕುಡಿದು ತೂರಾಡುವವರನ್ನು ಬೀದಿಯಲ್ಲಿ ನೋಡುತ್ತ ಬೆಳೆದ ಹುಡುಗಿಗೆ, ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಂಡು ಅದರೊಳಗೆ ಏನೇನಿದೆಯೆಂದು ಹುಡುಕುವುದು ಬೇರೆಯದೇ ವಿದ್ಯೆಯಾಗಿ ಕಂಡಿತು. ಸತ್ತೇಗಾಲದ ಬಳಿ ರೆಸಾರ್ಟ್ ಶುರುವಾಗಿ, ಬಿಯರ್ ತಯಾರಿಸುವ ಬ್ರೂವರ್ ಬೇಕೆಂದು ಕರೆ ಬಂದಾಗ ಅವಳು ಎರಡು ಮಾತಾಡದೆ ಊರಿಗೆ ಮರಳಿದಳು.

ಅಲ್ಲಿ ಅವಳದೊಂದು ನೇಮವಿತ್ತು. ದಿನವೂ ಅತಿಥಿಗಳಿಗೆ ಬಿಯರ್ ಹಿಡಿಯುವ ನಲ್ಲಿಗಳನ್ನು ತೆರೆಯುವ ಮುಂಚೆ ಪ್ರತಿಯೊಂದರಿಂದಲೂ ಮೊದಲ ಗುಟುಕು ತಾನೇ ಕುಡಿಯಬೇಕು. ಲೋಟವನ್ನು ಬೆಳಕಿಗೆ ಹಿಡಿದು, ಒಮ್ಮೆ ತಿರುಗಿಸಿ, ಮೂಗಿಗೆ ತಂದು, ಆಮೇಲೆ ಬಾಯಿಗೆ. ಅವಳಿಗೆ ಇಷ್ಟವಾದದ್ದು ಕಹಿ ಹೆಚ್ಚಿರುವ ಬಿಯರು. ಬಂದ ಅತಿಥಿಗಳಿಗೆ ಹಿಡಿಸುತ್ತಿದ್ದುದು ಕೊತ್ತಂಬರಿ ಬೀಜ ಹಾಕಿದ ಗೋಧಿ ಬಿಯರು. ಅದಕ್ಕೆ ಅವಳು ಬೇಸರಪಡುತ್ತಿರಲಿಲ್ಲ.

ಬೇಸರವೆಲ್ಲ ಮನೆಯಲ್ಲಿತ್ತು. ಹೇಮಂತ್ ಸಂಜೆಯಾದರೆ ಮಗ್ಗದಿಂದೆದ್ದು ಬಸ್ ಸ್ಟ್ಯಾಂಡ್ ಕಡೆ ಹೋಗಿ, ವೈನ್ ಶಾಪಿನ ಪಕ್ಕದ ಗೋಡೆಗೆ ಒರಗಿ ವಿಸ್ಕಿ ಪ್ಯಾಕೆಟ್ ಹರಿದು ಬಾಯಿಗೆ ಸುರಿದುಕೊಂಡು ಬರುತ್ತಿದ್ದ. ಅದು ಮನೆಯಲ್ಲಿ ಸುದ್ದಿಯೇ ಅಲ್ಲ. ಹೆಂಡತಿ ಶ್ವೇತಾ ಅವನ ತಟ್ಟೆ ಮುಚ್ಚಿಟ್ಟು ಮಗಳನ್ನು ತಟ್ಟಿ ಮಲಗಿಸುತ್ತಿದ್ದಳು. ಭಾಗ್ಯಮ್ಮ, "ಗಂಡಸು, ಮೈ ನೋಯ್ತದೆ, ಕುಡೀತಾನೆ" ಎನ್ನುತ್ತಿದ್ದಳು. ಮೇಘನಾಳ ಬಟ್ಟೆಯಲ್ಲಿ ಮಾಲ್ಟಿನ ವಾಸನೆ ಬಂದರೆ ಮಾತ್ರ ಅದೇ ಭಾಗ್ಯಮ್ಮ, "ಹಿತ್ಲಲ್ಲಿ ಬಿಚ್ಚಾಕಿ ಬಾ, ದೇವ್ರ ಕ್ವಾಣೆಗೆ ಹಂಗೇ ನುಗ್ಬ್ಯಾಡ" ಎಂದು ಬಾಗಿಲಲ್ಲೇ ತಡೆಯುತ್ತಿದ್ದಳು.

ಒಮ್ಮೆ ಯಳಂದೂರಿನಿಂದ ಅವಳನ್ನು ನೋಡಲು ಬಂದಿದ್ದರು. ಉಪ್ಪಿಟ್ಟು, ಕಾಫಿ ಆಯಿತು. ಹುಡುಗ ಒಳ್ಳೆಯವನೇ, ಮಾತು ಕಡಿಮೆ. ಅವನ ಚಿಕ್ಕಪ್ಪ ಮಾತ್ರ ಲೋಟ ಕೆಳಗಿಟ್ಟು ನೇರವಾಗಿ ಕೇಳಿದ: "ಲ್ಯಾಬು ಅಂದ್ರೆ ಏನು ಟೆಸ್ಟ್ ಮಾಡ್ತೀಯವ್ವ?"

"ಬಿಯರ್ ಮಾಡ್ತೀನಿ ಸಾ" ಅಂದಳು ಮೇಘನಾ.

ಆ ಮನುಷ್ಯನ ಉಸಿರಿನಲ್ಲಿ ಆಗಲೇ ಬ್ರಾಂದಿಯ ವಾಸನೆಯಿತ್ತು. ಅವನು ಹುಡುಗನ ಕಡೆ ತಿರುಗಿ, "ಏಳು, ಓಗೋಣ" ಎಂದ. ಅವರು ಹೋದ ಮೇಲೆ ಭಾಗ್ಯಮ್ಮ ಮಗಳ ಜೊತೆ ಬಹಳ ದಿನ ಮಾತು ಬಿಟ್ಟಳು.

ಹೀಗಿರುವಾಗ ಒಂದು ಬೆಳಗ್ಗೆ ಮೇಘನಾ ಮನೆಯಲ್ಲೇ ಮರೆತುಬಂದಿದ್ದ ಮೊಬೈಲು ಕೊಡಲು ಹೇಮಂತ್ ರೆಸಾರ್ಟಿಗೆ ಬಂದ. ಇನ್ನೂ ಕುಡಿದಿರಲಿಲ್ಲ. ಸ್ನಾನ ಮಾಡಿ, ತಲೆ ಬಾಚಿ ಬಂದಿದ್ದ. ಟ್ಯಾಂಕುಗಳ ನಡುವೆ ನಿಂತು ಜಾತ್ರೆಗೆ ಬಂದ ಮಗುವಿನಂತೆ ಸುತ್ತ ನೋಡಿದ.

"ಇದೆಲ್ಲ ನೀನೇ ಮಾಡೂದಾ?"

"ಹೂಂ ಅಣ್ಣ."

"ಒಸಿ ಕೊಡು, ನೋಡಾನ."

ಕೊಡಬಾರದೆಂದು ಅವಳಿಗೆ ಅನ್ನಿಸಿತು. ಆದರೂ ಇಷ್ಟು ವರ್ಷಗಳಲ್ಲಿ ಮನೆಯವರೊಬ್ಬರು ತನ್ನ ಕೆಲಸವನ್ನು ನೋಡಬೇಕೆಂದು ಕೇಳಿದ್ದು ಅದೇ ಮೊದಲು. ಎರಡು ಪುಟ್ಟ ಲೋಟಗಳಲ್ಲಿ ಅರ್ಧರ್ಧ ಹಿಡಿದು ತಂದಳು. ಗಟಗಟ ಇಳಿಸಬೇಡ, ಮೊದಲು ಮೂಸಿ ನೋಡು ಎಂದಳು. ಹೇಮಂತ್ ನಗುತ್ತಲೇ ಮೂಸಿದ. ನಗು ನಿಂತಿತು. ಒಂದು ಗುಟುಕನ್ನು ಬಾಯಲ್ಲಿ ತಿರುಗಿಸಿದ. ಎರಡನೆಯ ಲೋಟ ತೆಗೆದುಕೊಂಡು ಮತ್ತೆ ಮೊದಲಿನದಕ್ಕೆ ಬಂದ.

"ಇದ್ರಾಗೆ ಬೆಣ್ಣೆ ಕಾಸ್ದಂಗೆ ವಾಸ್ನೆ ಅದೆ ಕಣವ್ವ. ಇನ್ನೊಂದ್ರಲ್ಲಿ ಇಲ್ಲ" ಎಂದ.

ಮೇಘನಾ ಬೆಚ್ಚಿದಳು. ಆ ಟ್ಯಾಂಕನ್ನು ತಂಪಿಗೆ ಇಳಿಸುವ ಮುಂಚೆ ಎರಡು ದಿನ ಬೆಚ್ಚಗೆ ಬಿಡಬೇಕಾಗಿತ್ತು. ಯೀಸ್ಟಿನ ಕೆಲಸ ಮುಗಿಯದಿದ್ದರೆ ಆ ಬೆಣ್ಣೆಯ ವಾಸನೆ ಉಳಿದುಬಿಡುತ್ತದೆ. ಹಾಗಾಗಿದೆಯೆಂದು ಅವಳಿಗೆ ಅನುಮಾನ ಇತ್ತೇ ಹೊರತು ಖಚಿತವಿರಲಿಲ್ಲ. ಅಣ್ಣನ ಮೂಗು ಅದನ್ನು ಒಂದೇ ಸಲಕ್ಕೆ ಹಿಡಿದಿತ್ತು. ಅವಳು ಹುರುಪಿನಿಂದ ಮೂರನೆಯದು, ನಾಲ್ಕನೆಯದು ತಂದಳು. ಒಂದನ್ನು ಕುಡಿದು ಅವನು, "ಮಳೆಗೆ ನೆಂದ ರಟ್ಟಿನ್ ಡಬ್ಬ" ಎಂದ. ಅದು ಗಾಳಿ ತಾಗಿ ಕೆಟ್ಟ ಹಳೆಯ ಬಿಯರು. ಹೋಲಿಸಿ ನೋಡಲೆಂದು ಅವಳು ಎತ್ತಿಟ್ಟುಕೊಂಡಿದ್ದದ್ದು. ಅಣ್ಣ ತಂಗಿ ಚಿಕ್ಕಂದಿನಲ್ಲೂ ಅಷ್ಟು ನಕ್ಕಿರಲಿಲ್ಲ.

ಅಂದೇ ಅವಳು ಮ್ಯಾನೇಜರ್ ಮಹದೇವುವಿನ ಬಳಿ ಹೋಗಿ, ಟ್ಯಾಂಕು ಪೈಪು ತೊಳೆಯಲು, ಮೂಟೆ ಎತ್ತಲು ಒಬ್ಬ ಆಳು ಬೇಕಲ್ಲ, ತನ್ನಣ್ಣನನ್ನೇ ತೆಗೆದುಕೊಳ್ಳಿ ಎಂದಳು. ಅಣ್ಣ ಕುಡಿಯುತ್ತಾನೆಂಬುದನ್ನು ಮುಚ್ಚಿಡಲಿಲ್ಲ. ಮಹದೇವು ತಲೆ ಕೆರೆದುಕೊಂಡು, "ನಿಮ್ಮ ಜವಾಬ್ದಾರಿ ಮೇಡಂ" ಎಂದ. ಅವಳು ಒಪ್ಪಿಕೊಂಡಳು.

ಆಮೇಲಿನ ಕೆಲವು ತಿಂಗಳು ಚೆನ್ನಾಗಿದ್ದವು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಕಬ್ಬಿನ ಗದ್ದೆಗಳ ನಡುವಿನ ದಾರಿಯಲ್ಲಿ ಹೋಗಿಬರುತ್ತಿದ್ದರು. ಹೇಮಂತ್ ಸಂಜೆ ನೇರವಾಗಿ ಮನೆಗೆ ಬಂದು ಮಗಳಿಗೆ ಪಾಠ ಹೇಳಿಕೊಡುವಷ್ಟಾದ. ಶ್ವೇತಾ ಒಮ್ಮೆ ಅಡುಗೆಮನೆಯಲ್ಲಿ ಮೇಘನಾಳ ಕೈ ಹಿಡಿದು, "ನನ್ ಸಂಸಾರ ನಿಲ್ಸ್ಬುಟ್ಟೆ ಕಣೆ" ಎಂದು ಕಣ್ಣೀರು ಹಾಕಿದಳು. ಆ ದಿನಗಳಲ್ಲೇ ಅವಳಿಗೆ ರಾಗಿ ಬಿಯರಿನ ಯೋಚನೆ ಬಂದದ್ದು. ಇಬ್ಬರೂ ರಾಮಾಪುರಕ್ಕೆ ಹೋಗಿ, ನಂಜಯ್ಯ ಎಂಬ ರೈತನ ಕಣದಲ್ಲಿ ರಾಗಿ ಆರಿಸಿ ತಂದರು. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬಾರ್ಲಿಯ ಜೊತೆ ಬಿಸಿನೀರಿಗೆ ಹಾಕಿದರು. ಮೊದಲ ಸಲದ್ದು ಅಂಬಲಿಗಿಂತ ಗಟ್ಟಿಯಾಗಿ ಸೋಸಲೂ ಬಾರದೆ ಚರಂಡಿಗೆ ಹೋಯಿತು. ಎರಡನೆಯದು ಹುಳಿ. ಮೂರನೆಯದನ್ನು ಹೇಮಂತ್ ಬಾಯಲ್ಲಿ ತಿರುಗಿಸಿ ಕುಡಿದು, ಲೋಟವನ್ನು ಮತ್ತೊಮ್ಮೆ ಮೂಸಿದ.

"ಅವ್ವ ಒಲೆ ಮ್ಯಾಲೆ ಹುರಿಟ್ಟು ಹುರೀತಿದ್ಲಲ್ಲ, ಆ ವಾಸ್ನೆ" ಎಂದ. "ಹಿಂದ್ಗಡೆಯಿಂದ ಸಣ್ಣಗೆ ಕಹಿ ಬತ್ತದೆ. ಇದು ಗೆಲ್ತದೆ ನೋಡು."

ಗೆದ್ದಿತು. ಕಂದುಗಪ್ಪು ಬಣ್ಣದ, ಹಾಲಿನಂಥ ನೊರೆಯ ಆ ಬಿಯರನ್ನು ಕುಡಿಯಲೆಂದೇ ಮೈಸೂರಿನಿಂದ ಜನ ಬರತೊಡಗಿದರು. ಶನಿವಾರ ಸಂಜೆ ಅತಿಥಿಗಳನ್ನು ಕೂರಿಸಿ, ಬಿಯರನ್ನು ಹೇಗೆ ಸವಿಯಬೇಕೆಂದು ಹೇಳಿಕೊಡುವ ಕಾರ್ಯಕ್ರಮವನ್ನೂ ಮಹದೇವು ಶುರುಮಾಡಿದ. ಮೇಘನಾ ಇಂಗ್ಲಿಷಿನಲ್ಲಿ ವಿವರಿಸಿದರೆ ಹೇಮಂತ್ ಮಧ್ಯೆ ಕನ್ನಡದಲ್ಲಿ ಒಂದೊಂದು ಮಾತು ಹಾಕುತ್ತಿದ್ದ. ಜನ ನಗುತ್ತಿದ್ದರು. ಅವನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಹೇಮಂತ್ ಬೆಳಗ್ಗೆಯೇ ಟ್ಯಾಂಕಿನಿಂದ ಹಿಡಿದು ಕುಡಿಯುತ್ತಾನೆಂಬುದು ಅವಳಿಗೆ ಯಾವಾಗ ತಿಳಿಯಿತೋ ಹೇಳುವುದು ಕಷ್ಟ. ಬಹುಶಃ ಮೊದಲೇ ತಿಳಿದಿತ್ತು. ಒಂದು ದಿನ ಟ್ಯಾಂಕಿನ ಹಿಂದೆ ಅರ್ಧ ಜಗ್ಗು ಬಿಯರು ಸಿಕ್ಕಾಗ ಕೇಳಿದಳು.

"ಟೇಸ್ಟ್ ನೋಡ್ದೆ ಕಣವ್ವ" ಎಂದ.

"ಟೇಸ್ಟ್ ನೋಡಾಕೆ ಜಗ್ಗು ಬೇಕಾ ಅಣ್ಣ?"

"ಪ್ಯಾಕೆಟ್ ಕುಡಿಯಾದು ಬುಟ್ಟಿಲ್ವಾ? ಇದು ಅದ್ರ ಮುಂದೆ ಮಜ್ಜಿಗೆ ನೀರು."

ಪ್ಯಾಕೆಟ್ಟು ಬಿಟ್ಟಿದ್ದು ನಿಜ. ಮನೆಯಲ್ಲಿ ಜಗಳವಿಲ್ಲದಿದ್ದುದೂ ನಿಜ. ಅವಳು ಜಗ್ಗನ್ನು ತೊಳೆದು ಮೇಲಿಟ್ಟಳು.

ಟ್ಯಾಂಕಿನಿಂದ ನಲ್ಲಿಗೆ ಹೋಗುವ ಪೈಪನ್ನು, ಅವರ ಮಾತಿನಲ್ಲಿ ಲೈನನ್ನು, ಆಗಾಗ ಕಾಸ್ಟಿಕ್ ಸೋಡಾ ನೀರು ಹರಿಸಿ ತೊಳೆಯಬೇಕು. ಚರ್ಮ ಸುಡುವಂಥ ನೀರು ಅದು. ಆಮೇಲೆ ಒಳ್ಳೆಯ ನೀರನ್ನು ಬೇಕಾದಷ್ಟು ಬಿಟ್ಟು, ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿ, ಸೋಡಾ ಪೂರ್ತಿ ಹೋಗಿದೆಯೆಂದು ಖಾತ್ರಿಯಾದ ಮೇಲೆಯೇ ಬಿಯರ್ ಬಿಡಬೇಕು. ಅದು ಹೇಮಂತನ ಕೆಲಸವಾಗಿತ್ತು. ಆ ಶನಿವಾರ ಅತಿಥಿಗಳು ಬೇಗ ಬಂದು ಕುಳಿತಿದ್ದರು. ಮಹದೇವು ಬಾಗಿಲಲ್ಲಿ ಇಣುಕಿ ಅವಸರ ಮಾಡಿ ಹೋಗಿದ್ದ.

"ರಾಗಿ ಲೈನ್‌ಗೆ ನೀರು ಬಿಟ್ಟಾಯ್ತಾ ಅಣ್ಣ?" ಎಂದಳು ಮೇಘನಾ.

"ಆಯ್ತು, ಆಯ್ತು" ಎಂದ ಹೇಮಂತ್. ಅವನ ಕಣ್ಣುಗಳು ಕೆಂಪಗಿದ್ದವು.

ಕಾಗದದ ಪಟ್ಟಿಯ ಡಬ್ಬ ಕೈಗೆಟುಕುವಲ್ಲೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ. ಲೋಟಕ್ಕೆ ಬಿಯರ್ ಹಿಡಿದಳು. ಬೇರೆ ಯಾವುದಾದರೂ ಆಗಿದ್ದರೆ ಬಣ್ಣ ಕೆಟ್ಟಿದ್ದು ಕಾಣುತ್ತಿತ್ತೇನೋ. ರಾಗಿಯ ಗಾಢ ಬಣ್ಣದಲ್ಲಿ ಏನೂ ಕಾಣಲಿಲ್ಲ. ನೊರೆ ನಿಲ್ಲಲಿಲ್ಲವೆಂದು ಅರೆಗಳಿಗೆ ಅನ್ನಿಸುವಷ್ಟರಲ್ಲಿ ಗುಟುಕು ಬಾಯೊಳಗಿತ್ತು.

ಮೊದಲು ಸಾಬೂನು ಕಚ್ಚಿದಂತಾಯಿತು. ಆಮೇಲೆ ಬೆಂಕಿ. ಉಗುಳಿದಳು, ಆದರೆ ಅಷ್ಟರಲ್ಲಿ ಒಂದಿಷ್ಟು ಗಂಟಲಿಗೆ ಇಳಿದಾಗಿತ್ತು. ಯಾರೋ ತಲೆ ಹಿಡಿದು, ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದರು. ರೆಸಾರ್ಟಿನ ಕಾರಿನಲ್ಲಿ ಕೊಳ್ಳೇಗಾಲಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರಿನ ಆಸ್ಪತ್ರೆಗೆ. ದಾರಿಯುದ್ದಕ್ಕೂ ಹೇಮಂತ್ ಅವಳ ಕಾಲು ಹಿಡಿದುಕೊಂಡು ಅಳುತ್ತಿದ್ದ.

ಮೂಗಿನ ಮೂಲಕ ನಳಿಕೆ ಹಾಕಿ ಊಟ ಕೊಡುತ್ತಿದ್ದರು. ಮಾತಾಡಬಾರದೆಂದು ಡಾಕ್ಟರು ಹೇಳಿದ್ದರು. ಆಡಲು ಬರುತ್ತಲೂ ಇರಲಿಲ್ಲ. ಒಂದು ಮಧ್ಯಾಹ್ನ ಮಹದೇವು ಹಣ್ಣು ಹಿಡಿದು ನೋಡಲು ಬಂದ. ಭಾಗ್ಯಮ್ಮ ಸ್ಟೂಲಿನ ಮೇಲೆ, ಹೇಮಂತ್ ಕಿಟಕಿಯ ಬಳಿ. ಮಹದೇವು ಕ್ಷೇಮ ವಿಚಾರಿಸಿ, ಕೆಮ್ಮಿ, ಕೇಳಲೋ ಬೇಡವೋ ಎಂಬಂತೆ ಕೇಳಿದ: "ಮಾಲೀಕ್ರು ಕೇಳ್ತಾವ್ರೆ. ಅವತ್ತು ಆ ಲೈನ್ ತೊಳೆದಿದ್ದು ಯಾರು ಹೇಮಂತ್?"

ಹೇಮಂತ್ ಕಿಟಕಿಯಾಚೆ ನೋಡಿದ.

"ಮೇಘಿನೇ ಸಾ. ನಾನು ಆಗ ಮೂಟೆ ಇಳ್ಸೂಕೆ ಓಗಿದ್ದೆ."

ಮೇಘನಾ ಹಾಸಿಗೆಯ ಮೇಲೆ ಮೊಣಕೈ ಊರಿ ಏಳಲು ಹೋದಳು. ದಿಂಬಿನ ಪಕ್ಕದಲ್ಲೇ ಮೊಬೈಲಿತ್ತು. ಅದರಲ್ಲಿ ಒಂದು ಸಾಲು ಬರೆದು ತೋರಿಸಿದ್ದರೆ ಸಾಕಿತ್ತು. ಕೈ ಅದರ ಮೇಲೆ ಹೋಯಿತು ಕೂಡ. ಆಗ ಭಾಗ್ಯಮ್ಮ ತನ್ನ ಕೈಯನ್ನು ಮಗಳ ಕೈಯ ಮೇಲಿಟ್ಟಳು. ಸಮಾಧಾನ ಮಾಡುವವಳ ಹಾಗೆ ಕಂಡರೂ ಬಿಗಿಯಾಗಿ ಇಟ್ಟಿದ್ದಳು. ಮಹದೇವು ಹೊರಡುವವರೆಗೆ ತೆಗೆಯಲಿಲ್ಲ.

ಆಮೇಲೆ ಹೇಮಂತ್ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವಳ ಮುಖ ನೋಡದೆ ಹೇಳಿದ: "ನಿಂಗೆ ಓದದೆ ಕಣವ್ವ. ಎಲ್ಲೋದ್ರೂ ಕೆಲ್ಸ ಕೊಡ್ತಾರೆ. ನಂಗೇನದೆ ಏಳು? ಮತ್ತೆ ಆ ಮಗ್ಗದ ಗುಂಡಿ. ಅದ್ರಾಗೆ ಕುಂತ್ರೆ ನಾನು ಸತ್ತೇ ಓಯ್ತೀನಿ."

"ಅವ್ನಿಗೆ ಎಡ್ತಿ ಮಗು ಅದೆ" ಎಂದಳು ಭಾಗ್ಯಮ್ಮ. "ನೀನು ಒಂಟಿ ಜೀವ. ತಡ್ಕೋ."

ಮೇಘನಾ ಗೋಡೆಯ ಕಡೆ ಹೊರಳಿದಳು. ನಳಿಕೆ ಎಳೆದು ನೋವಾಯಿತು, ಮತ್ತೆ ಇತ್ತ ಹೊರಳಬೇಕಾಯಿತು. ಇಬ್ಬರೂ ಹಾಗೇ ಕೂತಿದ್ದರು.

ಗಂಟಲು ಮಾಯಿತು, ಆದರೆ ಒಳಗೆ ಕಿರಿದಾಗಿಬಿಟ್ಟಿತು. ಅನ್ನವನ್ನು ಮೆತ್ತಗೆ ಕಲಸಿ ಸ್ವಲ್ಪ ಸ್ವಲ್ಪವೇ ನುಂಗಬೇಕು. ಮೂಗು ಮೊದಲಿನಂತೆಯೇ ಇತ್ತು. ನಾಲಿಗೆಯ ನಡುಭಾಗ ಮಾತ್ರ ಮರಗಟ್ಟಿದಂತಾಗಿ ಸಿಹಿ ಕಹಿಯ ಗೆರೆಗಳೆಲ್ಲ ಕಲಸಿಹೋದವು. ನೊರೆಯಿರುವ ಯಾವುದನ್ನು ಬಾಯಿಗಿಟ್ಟರೂ ಸೂಜಿ ಚುಚ್ಚಿದಂತೆ. ಬಿಯರಿನ ಹತ್ತಿರವೂ ಹೋಗಬೇಡಿ ಎಂದರು ಡಾಕ್ಟರು.

ರೆಸಾರ್ಟಿನವರು ಆಸ್ಪತ್ರೆಯ ಖರ್ಚು ಕೊಟ್ಟರು. ರಿಸೆಪ್ಷನ್ನಿನಲ್ಲಿ ಕೂರಿ ಎಂದರು. "ರುಚಿ ನೋಡಾಕಾಗದೆ ಬ್ರೂವರ್ ಕೆಲ್ಸ ಎಂಗೆ ಮೇಡಂ? ಬೇಜಾರು ಮಾಡ್ಕಬೇಡಿ" ಎಂದ ಮಹದೇವು. ಜೊತೆಗೆ, ಪೈಪು ತೊಳೆಯುವಾಗ ಇನ್ನು ಮೇಲೆ ಎಲ್ಲರೂ ಹುಷಾರಾಗಿರಬೇಕೆಂದು ಅವಳ ಹೆಸರು ಹೇಳಿ ಉಳಿದವರಿಗೆ ಎಚ್ಚರಿಕೆ ಕೊಟ್ಟಿದ್ದ. ಅದು ಅವಳ ಕಿವಿಗೆ ಬಿತ್ತು. ಅವಳು ಬಿಳಿ ಕೋಟನ್ನು ಮಡಚಿ ಲ್ಯಾಬಿನ ಮೇಜಿನ ಮೇಲಿಟ್ಟು ಬಂದಳು.

ಹನೂರಿನಲ್ಲಿ ಹೆಂಗಸರ ಸಂಘವೊಂದು ಮೊಳಕೆ ರಾಗಿ ಹಿಟ್ಟು ಮಾಡುತ್ತಿತ್ತು. ರಾಗಿ ಮೊಳಕೆ ಬರಿಸುವುದನ್ನು ಬಲ್ಲವರು ಬೇಕಾಗಿತ್ತು. ಮೇಘನಾ ಅಲ್ಲಿ ಸೇರಿ, ಪೊಲೀಸ್ ಸ್ಟೇಷನ್ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಳು. ಕೊಳ್ಳೇಗಾಲ ಬಸ್ಸಿನಲ್ಲಿ ಹತ್ತಿರವೇ, ಆದರೂ ಹೋಗುವುದು ಕಡಿಮೆಯಾಯಿತು. ಭಾಗ್ಯಮ್ಮ ಈಗ ನೆಂಟರ ಮುಂದೆ, "ಮಗ್ಳು ಮಕ್ಳ ಹಿಟ್ಟಿನ ಫ್ಯಾಕ್ಟ್ರೀಲವ್ಳೆ" ಎಂದು ಧಾರಾಳವಾಗಿ ಹೇಳುತ್ತಿದ್ದಳು.

ಹೇಮಂತ್ ಕುಡಿತ ಬಿಟ್ಟ. ಇದನ್ನು ಶ್ವೇತಾ ಫೋನಿನಲ್ಲಿ ಹೇಳಿದಾಗ ಮೇಘನಾ ನಂಬಲಿಲ್ಲ, ಆಮೇಲೆ ನಂಬಲೇಬೇಕಾಯಿತು. ಟ್ಯಾಂಕಿನಿಂದ ಗುಟುಕು ತೆಗೆದು, ನೋಡಿ, ಉಗುಳಿಬಿಡುತ್ತಾನಂತೆ. ಬೆಂಗಳೂರಿನಿಂದ ಬಂದ ಹೊಸ ಬ್ರೂವರ್ ಅವನನ್ನು ಕೇಳದೆ ಒಂದು ನಲ್ಲಿಯನ್ನೂ ತೆರೆಯುವುದಿಲ್ಲವಂತೆ. ರಾಗಿ ಬಿಯರಿಗೆ ಯಾವುದೋ ಸ್ಪರ್ಧೆಯಲ್ಲಿ ಬಹುಮಾನ ಬಂದು, ವೇದಿಕೆಯ ಮೇಲೆ ಅವನೇ ಇಸಿದುಕೊಂಡನಂತೆ.

"ನಿಂಗೆ ಅಂಗಾಯ್ತಲ್ಲ, ಅವತ್ತಿಂದ ಬುಟ್ಬುಟ್ರು ಕಣೆ" ಎಂದಳು ಶ್ವೇತಾ. "ತಂಗಿ ಮ್ಯಾಲೆ ಅಷ್ಟು ಪ್ರೀತಿ."

ಮೇಘನಾ ಮಗಳು ಹೇಗಿದ್ದಾಳೆಂದು ಕೇಳಿ ಫೋನಿಟ್ಟಳು. ಆ ಮನೆಯಲ್ಲಿ ಈಗಿರುವ ನೆಮ್ಮದಿ ಎಲ್ಲಿಂದ ಬಂದಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಕೆಡಲೆಂದು ಬಯಸುವಷ್ಟು ಕೆಟ್ಟವಳಲ್ಲ ತಾನು ಎಂದುಕೊಂಡಳು. ಕೆಲವು ದಿನ ಬಯಸಿಯೂ ಬಿಡುತ್ತಿದ್ದಳು.

ಮಾಗಿ ಚಳಿಯ ಒಂದು ಬೆಳಗ್ಗೆ ಸಂಘದ ಅಂಗಳಕ್ಕೆ ರೆಸಾರ್ಟಿನ ಪಿಕಪ್ ಬಂದು ನಿಂತಿತು. ರಾಗಿ ಬಿಯರಿಗೆ ಬೇಡಿಕೆ ಹೆಚ್ಚಿ, ಮೊಳಕೆ ಬರಿಸಿದ ರಾಗಿಯನ್ನು ಹನೂರಿನಿಂದಲೇ ಕೊಳ್ಳುವುದೆಂದು ಅವರು ತೀರ್ಮಾನಿಸಿದ್ದರು. ಪಿಕಪ್ಪಿನಿಂದ ಹೇಮಂತ್ ಇಳಿದ. ಮುಖ ತಿಳಿಯಾಗಿತ್ತು, ಕಪ್ಪಗಿದ್ದ ತುಟಿಗೆ ಬಣ್ಣ ಬಂದಿತ್ತು. ಆಸ್ಪತ್ರೆಯಿಂದ ಬಂದಮೇಲೆ ಇಬ್ಬರೇ ಎದುರಾಗಿದ್ದು ಅದೇ ಮೊದಲು.

"ಚೆನ್ನಾಗಿದ್ದೀಯಾ ಮೇಘಿ?"

"ಮೂಟೆ ಒಳಗವೆ. ತೂಕ ಹಾಕ್ಸ್ಕೊಂಡು ತಗೊಂಡೋಗು."

ಅವನು ಮೂಟೆಗಳ ಕಡೆ ಹೋಗದೆ ಸೀಟಿನ ಕೆಳಗಿನಿಂದ ಒಂದು ಬಾಟಲಿ ತೆಗೆದ. ರಾಗಿಯದು. "ಕುಡಿಯೂದು ಬ್ಯಾಡ. ಬರೀ ಮೂಸಿ ಏಳು. ಏನೋ ಒಂದು ಕಮ್ಮಿ ಅದೆ, ನಂಗೆ ಗೊತ್ತಾಯ್ತಿಲ್ಲ. ನಿನ್ ಬುಟ್ರೆ ಯಾರ್ನ ಕೇಳ್ಲಿ?"

ಮೇಘನಾ ಬಾಟಲಿಯನ್ನು ಮುಟ್ಟಲಿಲ್ಲ. "ಅತ್ತಿಗೆಗೆ ಹೇಳಿದ್ದೀಯಾ?"

"ಏನ?"

"ಆ ಲೈನ್ ತೊಳೆದಿದ್ದು ಯಾರು ಅಂತ."

ಹೇಮಂತ್ ಕತ್ತು ತಗ್ಗಿಸಿದ. "ಮಹದೇವೂಗೆ ಬೇಕಾರೆ ಏಳ್ತೀನಿ ಕಣವ್ವ. ಕೆಲ್ಸ ಓದ್ರೂ ಓಗ್ಲಿ. ದಿನಾ ಅದೇ ಕಣ್ಮುಂದೆ ಬತ್ತದೆ."

"ಮಹದೇವೂಗೆ ಹೇಳಿ ನಂಗೇನಾಗ್ಬೇಕು? ಅತ್ತಿಗೆಗೆ ಹೇಳು. ಮಗಳಿಗೆ ಹೇಳು. ತಂಗಿ ಮೇಲಿನ ಪ್ರೀತಿಗೆ ಕುಡಿಯೋದು ಬಿಟ್ಟೆ ಅಂತ ಅವ್ರು ನಂಬವ್ರೆ."

ಅವನು ಬಾಟಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕಣ್ಣಲ್ಲಿ ನೀರು ನಿಂತಿತು. ಅಂಗಳದ ಆಚೆ ಹೆಂಗಸರು ರಾಗಿ ಹರವುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದರು.

"ಅದೊಂದ್ ಮಾತ್ರ ನನ್ನಿಂದ ಆಗಲ್ಲ ಕಣವ್ವ. ಅವ್ಳು ನನ್ನ ಈಗ ನೋಡ್ತಾಳಲ್ಲ, ಅಂಗೆ ಯಾವತ್ತೂ ನೋಡಿರ್ಲಿಲ್ಲ" ಎಂದ.

"ಗೊತ್ತು" ಎಂದಳು ಮೇಘನಾ. "ಇನ್ಮೇಲೆ ರಾಗಿಗೆ ಡ್ರೈವರನ್ನ ಕಳ್ಸು. ನೀನು ಬರಬೇಡ."

ಹೇಮಂತ್ ಬಾಟಲಿಯನ್ನು ಜಗಲಿಯ ಮೇಲಿಟ್ಟ. ಮೂಟೆಗಳನ್ನು ಒಂದೊಂದಾಗಿ ಹೊತ್ತು ಪಿಕಪ್ಪಿಗೆ ಹಾಕಿದ. ಯಾರೂ ಕೈ ಕೊಡಲಿಲ್ಲ, ಅವನೂ ಕೇಳಲಿಲ್ಲ. ಹೊರಡುವಾಗ ಒಮ್ಮೆ ಅವಳ ಕಡೆ ನೋಡಿದ. ಅವಳು ಜಲ್ಲಡಿಯ ಬಳಿ ಬಗ್ಗಿದ್ದಳು. ಗಾಡಿ ಕೊಳ್ಳೇಗಾಲದ ರಸ್ತೆ ಹಿಡಿಯಿತು.

ಜೊತೆಯಲ್ಲಿ ಕೆಲಸ ಮಾಡುವ ಪುಷ್ಪ ಹತ್ತಿರ ಬಂದು, "ಯಾರಕ್ಕ ಅವ್ರು? ಅಳ್ತಿದ್ದಂಗಿತ್ತು" ಎಂದಳು.

"ಗಿರಾಕಿ" ಎಂದಳು ಮೇಘನಾ.

ಪುಷ್ಪ ನಂಬಿದಳೋ ಇಲ್ಲವೋ, ಮುಂದೆ ಕೇಳಲಿಲ್ಲ. ಹೊಸದಾಗಿ ಹುರಿದ ಹಿಟ್ಟಿನಲ್ಲಿ ಮಾಡಿದ ಗಂಜಿಯ ಬಟ್ಟಲನ್ನು ಮುಂದೆ ಹಿಡಿದಳು. ಹದ ಸರಿಯಿದೆಯೇ ಎಂದು ಹೇಳಬೇಕಿತ್ತು. ಮೇಘನಾ ಮೂಸಿ ನೋಡಿ ಬಟ್ಟಲನ್ನು ಹಿಂದಕ್ಕೆ ಕೊಟ್ಟಳು. "ನೀನೇ ಕುಡಿದು ನೋಡು ಪುಷ್ಪ. ಸಿಹಿ ಎಷ್ಟದೆ ಅಂತ ನಂಗೆ ಹೇಳು" ಎಂದು, ಬಿಸಿಲಿಗೆ ಹರವಿದ್ದ ರಾಗಿಯನ್ನು ಕೈಯಿಂದ ತಿರುವತೊಡಗಿದಳು.